ದ್ರಾಕ್ಷಿಯ ಸಿಪ್ಪೆ, ಹಿಪ್ಪುನೇರಳೆಯ ಹಾಲು

ಕಂಪ್ಯೂಟರ್ ಪರದೆಯ ಮೇಲೆ ಬೂದುಬಣ್ಣದ ಪ್ರೋಟೀನೊಂದು ಉಂಡೆಯಾಗಿ ಕೂತಿದೆ. ಅದರ ಹೊಟ್ಟೆಯಲ್ಲೊಂದು ಪೊಟರೆ. ದ್ರಾಕ್ಷಿ ಸಿಪ್ಪೆಯದೋ ಅರಿಶಿನದ್ದೋ ಈರುಳ್ಳಿಯದೋ ಒಂದು ಅಣು, ಹಸಿರು ಕಡ್ಡಿಗಳನ್ನು ಜೋಡಿಸಿದ ಹಾಗೆ, ಆ ಪೊಟರೆಯೊಳಗೆ ಬಂದು ಹೊಂದಿಕೊಂಡಿದೆ. ಪಕ್ಕದಲ್ಲಿ ಒಂದು ಅಂಕಿ, ಮೈನಸ್ ಎಂಟೋ ಒಂಬತ್ತೋ. ಕೆಳಗೆ ಒಂದು ವಾಕ್ಯ: ಕೊಲೆಸ್ಟ್ರಾಲ್‌ನಿಂದ ನರಕೋಶಗಳಿಗೆ ಆಗುವ ಹಾನಿಯನ್ನು ಈ ಸಸ್ಯಜನ್ಯ ಸಂಯುಕ್ತ ತಡೆಯಬಲ್ಲದು. ನಾಸಿಕ್, ಛತ್ರಪತಿ ಸಂಭಾಜಿನಗರದ ಫಾರ್ಮಸಿ ಕಾಲೇಜುಗಳಿರಲಿ, ನಮ್ಮ ಬೆಳಗಾವಿ, ಕಲಬುರಗಿ, ಬೆಂಗಳೂರಿನವಿರಲಿ, ಇಂಥ ಚಿತ್ರವಿರುವ ಪ್ರಬಂಧಗಳು ವರ್ಷವರ್ಷ ಬೈಂಡ್ ಆಗಿ ಕಪಾಟು ಸೇರುತ್ತಿವೆ. ಕಪಾಟಿನಿಂದ ಆ ವಾಕ್ಯ ಮಾತ್ರ ಹೊರಗೆ ಬರುತ್ತದೆ. ಪತ್ರಿಕೆಯ ಆರೋಗ್ಯ ಪುಟಕ್ಕೆ, ಅಲ್ಲಿಂದ ಮನೆಮಂದಿಯ ವಾಟ್ಸಾಪ್ ಗುಂಪಿಗೆ, ಕೊನೆಗೆ ಕ್ಯಾಪ್ಸೂಲ್ ಡಬ್ಬಿಯ ಲೇಬಲ್ಲಿಗೆ. ದಾರಿಯಲ್ಲಿ ‘ತಡೆಯಬಲ್ಲದು’ ಎಂಬುದು ‘ತಡೆಯುತ್ತದೆ’ ಎಂದಾಗಿರುತ್ತದೆ.

ಹೀಗೆ ಊರಿಗೂರೇ ಒಪ್ಪಿಕೊಂಡ ಒಂದು ತಿಳಿವಳಿಕೆ ಬೆಳೆದು ನಿಂತಿದೆ. ಕೊಲೆಸ್ಟ್ರಾಲ್ ನರಕ್ಕೆ ವಿಷ, ಗಿಡದಲ್ಲಿ ಅದಕ್ಕೆ ಮದ್ದಿದೆ, ಗಿಡದ್ದಾದ್ದರಿಂದ ಅಪಾಯವಿಲ್ಲ. ಮೂರೂ ಮಾತು ಸೇರಿದಾಗ ಹಿತವಾಗಿ ಕೇಳಿಸುತ್ತದೆ. ಬಿಡಿಸಿ ನೋಡಿದರೆ ಒಂದೊಂದೂ ಸಡಿಲ. ನನ್ನ ತಕರಾರು ಗಿಡಗಳ ಮೇಲಲ್ಲ. ಗಿಡದ ಅಣುವೊಂದು ನರಕೋಶದ ಕೊಲೆಸ್ಟ್ರಾಲ್ ರೋಗವೊಂದರಲ್ಲಿ ನಿಜಕ್ಕೂ ನೆರವಿಗೆ ಬಂದ ಕಥೆ ನಮ್ಮ ರಾಮನಗರದ ಹೊಲಗಳ ಪಕ್ಕದಲ್ಲೇ ಇದೆ, ಅದನ್ನು ನಾವು ಹೇಳಿಕೊಳ್ಳುವುದೇ ಇಲ್ಲ ಎಂಬುದು ನನ್ನ ಸಂಕಟ.

ಒಂದೆಲಗದ ತಂಬುಳಿ ಉಂಡು ಬೆಳೆದವರು ನಾವು. ಕರಾವಳಿಯವರಿಗೆ ಅದೇ ತಿಮರೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ತಟ್ಟೆಗೆ ಅದರ ಚಟ್ನಿ ಬೀಳುವುದು ಮಲೆನಾಡಿನಲ್ಲಿ ಈಗಲೂ ಉಂಟು. ಆದರೆ ‘ಬ್ರಾಹ್ಮಿ’ ಎಂಬ ಹೆಸರು ಒಂದು ಊರಿನಲ್ಲಿ ಒಂದೆಲಗಕ್ಕೆ, ಇನ್ನೊಂದು ಊರಿನಲ್ಲಿ ನೀರುಬ್ರಾಹ್ಮಿಗೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ಸಾರವೂ ಬೇರೆ. ಡಬ್ಬಿಯ ಮೇಲೆ ಬ್ರಾಹ್ಮಿ ಎಂದಷ್ಟೇ ಬರೆದಿದ್ದರೆ ಒಳಗಿರುವುದು ಯಾವುದೆಂಬ ಮೊದಲ ಪ್ರಶ್ನೆಗೇ ಉತ್ತರ ಸಿಕ್ಕಿರುವುದಿಲ್ಲ. ತಂಬುಳಿಗೆ ಈ ಪ್ರಶ್ನೆ ಬೇಕಿಲ್ಲ, ಅದು ಊಟ. ಮದ್ದು ಎಂದು ಮಾರುವಾಗ ಬೇಕು.

ಮೊದಲು ಕೊಲೆಸ್ಟ್ರಾಲ್ ವಿಷಯ. ನಮ್ಮ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು. ಆದರೆ ದೇಹದ ಒಟ್ಟು ಕೊಲೆಸ್ಟ್ರಾಲಿನ ಐದನೇ ಒಂದು ಪಾಲು, ಹೆಚ್ಚೆಂದರೆ ನಾಲ್ಕನೇ ಒಂದು ಪಾಲು, ಅಲ್ಲೇ ಇರುತ್ತದೆ. ಅದರಲ್ಲೂ ಬಹುಪಾಲು ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯಲ್ಲಿ. ವಿದ್ಯುತ್ ತಂತಿಗೆ ರಬ್ಬರು ಹೇಗೋ ನರಕ್ಕೆ ಮಯಲಿನ್ ಹಾಗೆ. ಅದು ತೆಳುವಾದರೆ ಸಂದೇಶ ತಡವರಿಸುತ್ತದೆ. ಇಷ್ಟೊಂದು ಕೊಲೆಸ್ಟ್ರಾಲನ್ನು ಮಿದುಳು ನಾವು ತಿಂದ ತುಪ್ಪದಿಂದ ಪಡೆಯುವುದಿಲ್ಲ. ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಮಿದುಳಿನ ರಕ್ತನಾಳಗಳ ಗೋಡೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಕೊಲೆಸ್ಟ್ರಾಲ್ ತಯಾರಿಸುವ ಕೊನೆಯ ಹಂತದ ಕಿಣ್ವವೇ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ. ಸ್ಮಿತ್-ಲೆಮ್ಲಿ-ಆಪಿಟ್ಜ್ ಎಂದು ಆ ರೋಗದ ಹೆಸರು. ತಲೆ ಚಿಕ್ಕದು, ಬುದ್ಧಿಯ ಬೆಳವಣಿಗೆ ಕುಂಠಿತ. ಈ ಮಕ್ಕಳಿಗೆ ವೈದ್ಯರು ಕೊಡುವುದು ಕೊಲೆಸ್ಟ್ರಾಲನ್ನೇ. ಮೊಟ್ಟೆಯ ಹಳದಿಯ ರೂಪದಲ್ಲಿ ಕೊಡುವುದೂ ಉಂಟು. ಕೊಟ್ಟರೂ ಅದು ಮಿದುಳಿನೊಳಗೆ ಹೋಗದಿರುವುದೇ ಆ ಮನೆಗಳ ದುಃಖ. ಕೊಲೆಸ್ಟ್ರಾಲ್ ನರಕ್ಕೆ ವಿಷ ಎಂದು ಒಂದೇ ಉಸಿರಿನಲ್ಲಿ ಬರೆಯುವವರು ಈ ಮಕ್ಕಳನ್ನು ಒಮ್ಮೆ ನೆನೆಯಬೇಕು.

ಹಾಗಾದರೆ ರಕ್ತದ ಕೊಲೆಸ್ಟ್ರಾಲಿಗೂ ಮಿದುಳಿಗೂ ಸಂಬಂಧವೇ ಇಲ್ಲವೇ? ಇದೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ ಮರೆಗುಳಿತನಕ್ಕೆ ಕಾರಣವಾಗುವ, ನಾವು ಬದಲಿಸಿಕೊಳ್ಳಬಹುದಾದ 14 ಅಂಶಗಳ ಪಟ್ಟಿ ಮಾಡಿತು. ನಡುವಯಸ್ಸಿನಲ್ಲಿ ಏರಿದ ಎಲ್‌ಡಿಎಲ್ ಆ ಪಟ್ಟಿಗೆ ಆಗ ಹೊಸದಾಗಿ ಸೇರಿತು. ರಕ್ತನಾಳ ಕಟ್ಟುವುದು, ಸಣ್ಣಸಣ್ಣ ಪಾರ್ಶ್ವವಾಯು, ಮಿದುಳಿಗೆ ರಕ್ತ ಸಾಲದಾಗುವುದು, ಹೀಗೆ ಬಳಸುದಾರಿಯಲ್ಲಿ ಅದು ಹಾನಿ ಮಾಡುತ್ತದೆ. ಆ ದಾರಿಗೆ ಮದ್ದು ಗೊತ್ತಿದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಕೊಂಡ ಸ್ಟಾಟಿನ್ ಇದೆ. ಗಿಡದ್ದೇ ಬೇಕೆಂದರೆ ಇಸಬಗೋಲಿನ ಹೊಟ್ಟು ಎಲ್‌ಡಿಎಲ್ ಅನ್ನು ಸ್ವಲ್ಪಮಟ್ಟಿಗೆ ಇಳಿಸುವುದು ಸಿದ್ಧವಾದ ಮಾತು. ಅದು ಕೆಲಸ ಮಾಡುವ ಬಗೆ ನೋಡಿ: ಕರುಳು ದಾಟಿ ರಕ್ತಕ್ಕೆ ಹೋಗುವುದೇ ಇಲ್ಲ, ಅಲ್ಲೇ ಅಂಟಂಟಾಗಿ ಕೂತು ಪಿತ್ತದ ಆಮ್ಲಗಳನ್ನು ಹಿಡಿದುಕೊಂಡು ಹೊರಹೋಗುತ್ತದೆ. ನರಕೋಶ ಉಳಿಸುತ್ತೇನೆ ಎಂದು ಅದರ ಡಬ್ಬಿಯ ಮೇಲೆ ಯಾರೂ ಬರೆದಿಲ್ಲ.

ಪ್ರಯೋಗಶಾಲೆಯವರು ನಿಜಕ್ಕೂ ಹೆದರುವುದು ಆಕ್ಸಿಸ್ಟೆರಾಲ್‌ಗಳಿಗೆ, ಅಂದರೆ ಆಮ್ಲಜನಕ ಸೇರಿ ರೂಪ ಬದಲಿಸಿದ ಕೊಲೆಸ್ಟ್ರಾಲಿಗೆ. ಅಲ್ಲೂ ಎಲ್ಲವೂ ಒಂದೇ ಅಲ್ಲ. 24-ಹೈಡ್ರಾಕ್ಸಿ ಕೊಲೆಸ್ಟ್ರಾಲನ್ನು ನರಕೋಶ ಬೇಕೆಂದೇ ಮಾಡುತ್ತದೆ, ಹೆಚ್ಚಾದದ್ದನ್ನು ಮಿದುಳಿನಿಂದ ಹೊರಗೆ ಸಾಗಿಸುವ ಉಪಾಯ ಅದು. 27-ಹೈಡ್ರಾಕ್ಸಿ ಎಂಬುದು ರಕ್ತದಿಂದ ಮಿದುಳಿಗೆ ದಾಟಿ ಬರಬಲ್ಲದು. 7-ಕೀಟೊ ಎಂಬುದು ಕಿಣ್ವದ ಹಂಗಿಲ್ಲದೆ ತಾನಾಗಿ ಕಮರಿ ಹುಟ್ಟುವಂಥದ್ದು. ಗಾಜಿನ ಬಟ್ಟಲಿನ ಕೋಶಗಳನ್ನು ಕೊಲ್ಲುವುದು ಮುಖ್ಯವಾಗಿ ಇದೇ. 1987ರಲ್ಲಿ ಮಾರ್ಕ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯ ಭಾರತೀಯ ತುಪ್ಪವನ್ನು ಪರೀಕ್ಷಿಸಿ, ತಾಜಾ ಬೆಣ್ಣೆಯಲ್ಲಿಲ್ಲದ ಈ ಕಮರಿದ ಕೊಲೆಸ್ಟ್ರಾಲ್ ತುಪ್ಪದಲ್ಲಿ ಇದೆಯೆಂದು ಲ್ಯಾನ್ಸೆಟ್‌ನಲ್ಲಿ ಬರೆದಾಗ ಗದ್ದಲವಾಗಿತ್ತು. ಅವನ ಊಹೆ ಇದ್ದದ್ದು ಹೃದಯನಾಳಗಳ ಬಗ್ಗೆ. ಕಾಯಿಸಿದ ತುಪ್ಪದಿಂದ ನೇರ ಮಿದುಳಿನ ನರಕೋಶಕ್ಕೆ ಗೆರೆ ಎಳೆದವನಲ್ಲ ಅವನು. ಆ ಗೆರೆಯನ್ನು ನಾವು ಎಳೆಯುತ್ತಿದ್ದೇವೆ.

ಇನ್ನು ಬಟ್ಟಲಿನ ಪ್ರಯೋಗ. ಇಂಥ ಅಧ್ಯಯನಗಳಲ್ಲಿ ‘ನರಕೋಶ’ ಎಂದು ಬರೆದಿರುವ ಕಡೆ ಹೆಚ್ಚಾಗಿ ಇರುವುದು ಎಸ್‌ಎಚ್-ಎಸ್‌ವೈ5ವೈ ಎಂಬ ಕೋಶಸಂತತಿ. ನಾಲ್ಕು ವರ್ಷದ ಹೆಣ್ಣುಮಗುವೊಂದರ ಕ್ಯಾನ್ಸರ್ ಗೆಡ್ಡೆಯಿಂದ 1970ರಲ್ಲಿ ತೆಗೆದ ಕೋಶಗಳ ಮೊಮ್ಮಕ್ಕಳು ಅವು. ಉಪಯೋಗಕ್ಕೆ ಬರುವ ಕೋಶಗಳೇ, ಆದರೆ ವಿಭಜಿಸುತ್ತಲೇ ಇರುವ ಕ್ಯಾನ್ಸರ್ ಕೋಶ ಬೇರೆ, ಎಪ್ಪತ್ತು ವರ್ಷ ಒಂದೇ ಕಡೆ ಕೂತು ದುಡಿಯುವ ನರಕೋಶ ಬೇರೆ. ಅದರ ಮೇಲೆ 7-ಕೀಟೊ ಸುರಿದು, ಜತೆಗೆ ಅರಿಶಿನದ ಕರ್ಕ್ಯುಮಿನ್ ಹತ್ತು ಮೈಕ್ರೊಮೋಲಾರ್ ಹಾಕಿದರೆ ಕೋಶಗಳು ಉಳಿಯಬಹುದು. ಆದರೆ ಗ್ರಾಂಗಟ್ಟಲೆ ಅರಿಶಿನಸಾರ ನುಂಗಿದ ಮನುಷ್ಯನ ರಕ್ತದಲ್ಲಿ ಮಾರ್ಪಡದ ಕರ್ಕ್ಯುಮಿನ್ ಸಿಗುವುದು ಅದರ ಸಾವಿರದಲ್ಲೊಂದು ಪಾಲಿನ ಅಳತೆಯಲ್ಲಿ, ಎಷ್ಟೋ ಸಲ ಸಿಗುವುದೇ ಇಲ್ಲ. 2017ರಲ್ಲಿ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಇನ್ನೂ ಕಹಿಯಾದ ಮಾತು ಹೇಳಿದರು: ಕರ್ಕ್ಯುಮಿನ್ ತಾನು ಮುಟ್ಟಿದ ಪ್ರೋಟೀನಿಗೆಲ್ಲ ಅಂಟುತ್ತದೆ, ಬೆಳಕು ಸೂಸಿ ಅಳತೆಯನ್ನೇ ಕೆಡಿಸುತ್ತದೆ, ಪರೀಕ್ಷೆಗಳಲ್ಲಿ ಕೆಲಸ ಮಾಡಿದಂತೆ ತೋರುವುದಕ್ಕೆ ಇದೂ ಒಂದು ಕಾರಣ. ಕೋಶಗಳನ್ನು ಬೆಳೆಸುವ ದ್ರವದಲ್ಲಿ ಇಂಥ ಪಾಲಿಫಿನಾಲ್‌ಗಳು ತಾವೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುವುದೂ ಗೊತ್ತಿರುವ ಸಂಗತಿ.

ಪರದೆಯ ಮೇಲಿನ ಡಾಕಿಂಗ್ ಇದಕ್ಕಿಂತಲೂ ಹಿಂದಿನ ಮೆಟ್ಟಿಲು. ಬೀಗದ ಚಿತ್ರದೊಳಗೆ ಬೀಗದಕೈಯ ಚಿತ್ರವನ್ನು ಕೂರಿಸುವ ಕೆಲಸ ಅದು. ಚಪ್ಪಟೆ ಉಂಗುರಗಳೂ ನಾಲ್ಕಾರು ಹೈಡ್ರಾಕ್ಸಿಲ್ ಗುಂಪುಗಳೂ ಇರುವ ಯಾವ ಸಸ್ಯದ ಅಣುವಾದರೂ ಯಾವುದಾದರೊಂದು ಪೊಟರೆಯಲ್ಲಿ ಒಳ್ಳೆಯ ಅಂಕ ಗಳಿಸುತ್ತದೆ. ಕರುಳು ಅದನ್ನು ಹೀರಿಕೊಳ್ಳುತ್ತದೆಯೇ, ಯಕೃತ್ತು ಅದನ್ನು ಕ್ಷಣದಲ್ಲಿ ಮಾರ್ಪಡಿಸಿ ಹೊರಹಾಕುತ್ತದೆಯೇ, ಮಿದುಳಿನ ಗೋಡೆ ದಾಟುತ್ತದೆಯೇ ಎಂಬುದನ್ನು ಆ ಅಂಕ ಹೇಳಲಾರದು. ವಿದ್ಯಾರ್ಥಿಯನ್ನು ನಾನು ದೂರುವುದಿಲ್ಲ. ಪ್ರಾಣಿಗೃಹವಿಲ್ಲದ, ಕೋಶಗಳನ್ನು ಬೆಳೆಸುವ ಕೋಣೆಯಿಲ್ಲದ ಕಾಲೇಜಿನಲ್ಲಿ ಲ್ಯಾಪ್‌ಟಾಪ್ ಒಂದೇ ಅವನ ಪ್ರಯೋಗಶಾಲೆ. ಎರಡು ವರ್ಷದಲ್ಲಿ ಪ್ರಬಂಧ ಮುಗಿಯಬೇಕು, ಒಂದು ಲೇಖನ ಅಚ್ಚಾಗಬೇಕು. ದೂರು ಇರುವುದು, ಆ ಕೊನೆಯ ವಾಕ್ಯವನ್ನು ಹಾಗೆಯೇ ಬಿಡುವ ಮಾರ್ಗದರ್ಶಕರ ಮೇಲೆ, ಅದನ್ನು ಎತ್ತಿ ತಲೆಬರಹ ಮಾಡುವ ನಮ್ಮ ಪತ್ರಿಕೆಗಳ ಮೇಲೆ.

ನಾಸಿಕ್ ಎಂದಾಗ ದ್ರಾಕ್ಷಿಯನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ತ್ರ್ಯಂಬಕದ ಬೆಟ್ಟದಲ್ಲಿ ಹುಟ್ಟುವ ಗೋದಾವರಿಯನ್ನು ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆ ಎಂದು ಗುರುತಿಸಿತ್ತು. ಸಂಭಾಜಿನಗರದ ಪಕ್ಕದ ಎಲ್ಲೋರದಲ್ಲಿ ಕೈಲಾಸವನ್ನು ಕಡೆಸಿದವನು ರಾಷ್ಟ್ರಕೂಟ ಕೃಷ್ಣ. ಆ ಸೀಮೆ ನಮಗೆ ಹೊರಗಿನದೆಂದು ನನಗೆ ಅನಿಸಿದ್ದೇ ಇಲ್ಲ. ಇವತ್ತು ನಿಫಾಡ್, ದಿಂಡೋರಿಯ ಬಳ್ಳಿಗಳಿಗೂ ನಮ್ಮ ವಿಜಯಪುರದ ಬಳ್ಳಿಗಳಿಗೂ ತಗಲುವ ರೋಗಗಳು ಒಂದೇ, ರೈತರ ಕಷ್ಟವೂ ಒಂದೇ. ದ್ರಾಕ್ಷಿಯ ಸಿಪ್ಪೆಯಲ್ಲಿ ರೆಸ್ವೆರಾಟ್ರಾಲ್ ಇದೆ. ಬೂಷ್ಟು ಮೈಗೆ ಹತ್ತಿದಾಗ ಬಳ್ಳಿ ತನ್ನ ರಕ್ಷಣೆಗೆ ಅದನ್ನು ಹೆಚ್ಚಾಗಿ ಮಾಡಿಕೊಳ್ಳುತ್ತದೆ. ನಮ್ಮ ನರಗಳ ಮೇಲಿನ ಕಾಳಜಿಯಿಂದ ಮಾಡಿದ್ದಲ್ಲ.

ಈ ಅಣುವನ್ನು ಅಲ್‌ಝೈಮರ್ ರೋಗಿಗಳಿಗೆ ನಿಜವಾಗಿ ಕೊಟ್ಟು ನೋಡಿದ್ದಾರೆ. ಅಮೆರಿಕದಲ್ಲಿ ಸ್ಕಾಟ್ ಟರ್ನರ್ ನೇತೃತ್ವದಲ್ಲಿ 119 ಜನರ ಮೇಲೆ 52 ವಾರ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು. ಪ್ರಮಾಣವನ್ನು ಮೆಲ್ಲಗೆ ಏರಿಸುತ್ತ ದಿನಕ್ಕೆ ಎರಡು ಗ್ರಾಂವರೆಗೆ ಕೊಟ್ಟರು. ಕೆಂಪು ವೈನಿನ ಒಂದು ಲೀಟರಿನಲ್ಲಿ 5 ಮಿಲಿಗ್ರಾಂ ಇದೆಯೆಂದು ಹಿಡಿದರೆ ಅಷ್ಟಕ್ಕೆ ದಿನಕ್ಕೆ 400 ಲೀಟರ್ ಬೇಕಾದೀತು. ಮದ್ದು ಮಿದುಳಿನ ದ್ರವದವರೆಗೆ ಅಲ್ಪಸ್ವಲ್ಪ ತಲುಪಿತು, ಕೆಲವು ಸೂಚಕಗಳು ಬದಲಾದವು. ಆದರೆ ಮದ್ದು ತೆಗೆದುಕೊಂಡವರ ಮಿದುಳಿನ ಗಾತ್ರ, ಸುಳ್ಳುಮಾತ್ರೆ ನುಂಗಿದವರಿಗಿಂತ ಹೆಚ್ಚು ಕುಗ್ಗಿತ್ತು. ಅದು ಬಾವು ಇಳಿದದ್ದರಿಂದ ಇರಬಹುದೆಂದು ಸಂಶೋಧಕರು ಬರೆದರು. ಇರಬಹುದು. ನಾಸಿಕ್‌ನ ದ್ರಾಕ್ಷಿಯಲ್ಲಿ ಮರೆವಿಗೆ ಮದ್ದಿದೆ ಎಂದು ಹೇಳುವವರು ಈ ಪ್ರಯೋಗವನ್ನು ಹೆಸರಿಸಿದ್ದನ್ನು ನಾನು ಕಂಡಿಲ್ಲ. ಇದೇ ರೆಸ್ವೆರಾಟ್ರಾಲ್ ಕ್ಷೇತ್ರದಲ್ಲಿ ಹೆಸರು ಮಾಡಿದ್ದ ದೀಪಕ್ ದಾಸ್ ಅವರ ಕೆಲಸದಲ್ಲಿ ದತ್ತಾಂಶ ತಿರುಚಿದ 145 ನಿದರ್ಶನಗಳನ್ನು ಕನೆಕ್ಟಿಕಟ್ ವಿಶ್ವವಿದ್ಯಾಲಯದ ತನಿಖೆ 2012ರಲ್ಲಿ ಎತ್ತಿ ತೋರಿಸಿತು ಎಂಬುದನ್ನೂ ಯಾರೂ ನೆನೆಸುವುದಿಲ್ಲ.

ಗುಗ್ಗುಳದ ಕಥೆ ಬೇರೆ, ಅದರ ಮುಂದೆ ನಾನು ತಲೆಬಾಗುತ್ತೇನೆ. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ತಮ್ಮ ಪ್ರಬಂಧದಲ್ಲಿ ಜಿ.ವಿ. ಸತ್ಯವತಿ, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕಿಯಾದವರು, ಸುಶ್ರುತ ಸಂಹಿತೆಯ ಮೇದೋರೋಗದ ವರ್ಣನೆಯನ್ನು ಓದಿ ಅದರಲ್ಲಿ ಇಂದಿನ ರಕ್ತನಾಳದ ಕೊಬ್ಬಿನ ರೋಗದ ಹೋಲಿಕೆ ಕಂಡರು. ಕಂಡಲ್ಲಿಗೆ ನಿಲ್ಲಲಿಲ್ಲ. ಮೊಲಗಳಿಗೆ ಕೊಲೆಸ್ಟ್ರಾಲ್ ಏರಿಸಿ, ಗುಗ್ಗುಳದ ಅಂಟು ಕೊಟ್ಟು, ರಕ್ತ ಅಳೆದರು. ಗ್ರಂಥದ ಮಾತನ್ನು ಪರೀಕ್ಷೆಗೆ ಒಡ್ಡುವುದೇ ಗ್ರಂಥಕ್ಕೆ ಕೊಡುವ ಗೌರವ ಎಂದು ಆ ಪ್ರಬಂಧ ನಂಬಿತ್ತು. ಅದರಿಂದ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಗುಗ್ಗುಲಿಪಿಡ್ ಬಂತು, 1980ರ ದಶಕದಲ್ಲಿ ಅಂಗಡಿಗೂ ಬಂತು. ಭಾರತದ ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 103 ಜನರ ಮೇಲೆ ಎಂಟು ವಾರ ಪರೀಕ್ಷಿಸಿದಾಗ ಗುಗ್ಗುಳ ನುಂಗಿದವರ ಎಲ್‌ಡಿಎಲ್ ನೂರಕ್ಕೆ ನಾಲ್ಕೈದರಷ್ಟು ಏರಿತು, ಸುಳ್ಳುಮಾತ್ರೆಯವರದು ಐದರಷ್ಟು ಇಳಿಯಿತು. ಆರು ಜನರಿಗೆ ಮೈಮೇಲೆ ಗಂಧೆ ಎದ್ದವು. ಅವರ ಊಟ ಬೇರೆ, ನಮ್ಮದು ಬೇರೆ ಎಂಬ ಸಮಜಾಯಿಷಿ ಬಂತು. ಅದು ನಿಜವಿದ್ದರೆ ಅಷ್ಟೇ ಕಟ್ಟುನಿಟ್ಟಿನ ಪ್ರಯೋಗವನ್ನು ಇಲ್ಲಿ ಮತ್ತೆ ಮಾಡಿ ತೋರಿಸುವುದು ನಮ್ಮ ಹೊಣೆಯಾಗಿತ್ತು. ಅಷ್ಟರಲ್ಲಿ ಕಚ್ಛ್, ರಾಜಸ್ಥಾನದ ಒಣನೆಲದ ಆ ಗಿಡವನ್ನು ಅಂಟಿಗಾಗಿ ಕೊಯ್ದು ಕೊಯ್ದು, ಅದು ಅಳಿವಿನ ಅಂಚಿನ ಪಟ್ಟಿ ಸೇರಿತು.

ಗಿಡದ್ದು, ಹಾಗಾಗಿ ಅಪಾಯವಿಲ್ಲ ಎಂಬ ಮೂರನೆಯ ಮಾತಿಗೆ ಬೆಂಗಳೂರೇ ಉತ್ತರ ಕೊಟ್ಟಿದೆ. ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಿಸುತ್ತಿದ್ದ ಕೇಸರಿಬೇಳೆ ತಿಂದವರ ಕಾಲುಗಳು ಯಾಕೆ ಸೆಟೆದುಕೊಳ್ಳುತ್ತವೆ ಎಂಬ ಒಗಟಿಗೆ ಬೇಕಾದ ಅಣುವನ್ನು, ನರಕೋಶವನ್ನು ಕೊಲ್ಲುವ ಒಡಾಪ್ ಎಂಬ ಅಮೈನೋ ಆಮ್ಲವನ್ನು, 1964ರಲ್ಲಿ ಬೇರ್ಪಡಿಸಿ ತೋರಿಸಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ. ಅದೂ ಶುದ್ಧ ಸಸ್ಯಜನ್ಯ ಸಂಯುಕ್ತವೇ. ಕರಿಮೆಣಸಿನ ಸಾರ ಸೇರಿಸಿ ಹೀರಿಕೆ ಹೆಚ್ಚಿಸಿದ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಸಾರಿನಲ್ಲಿ ಚಿಟಿಕೆ ಹಾಕಿದಾಗ ಆಗದ್ದು ಸಾರ ತೆಗೆದು ನುಂಗಿದಾಗ ಆಗುತ್ತದೆ.

ಈಗ ಹಿಪ್ಪುನೇರಳೆ. ಸೊಪ್ಪು ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಒಸರುವುದನ್ನು ರೇಷ್ಮೆ ಸಾಕುವವರೆಲ್ಲ ನೋಡಿದ್ದಾರೆ. ಆ ಹಾಲಿನಲ್ಲಿ ಸಕ್ಕರೆಯಂತೆ ವೇಷ ಹಾಕಿದ ಅಣುಗಳಿವೆ. 1976ರಲ್ಲಿ ಜಪಾನಿನವರು ಹಿಪ್ಪುನೇರಳೆಯ ಬೇರಿನಲ್ಲಿ ಕಂಡ ಡಿಆಕ್ಸಿನೊಜಿರಿಮೈಸಿನ್ ಅವುಗಳಲ್ಲಿ ಮುಖ್ಯವಾದದ್ದು. ಬೇರೆ ಕಂಬಳಿಹುಳ ಎಲೆ ತಿಂದರೆ ಅದರ ಸಕ್ಕರೆ ಜೀರ್ಣಿಸುವ ಕಿಣ್ವಗಳು ಕಟ್ಟಿಬಿದ್ದು ಅದು ಸಾಯುತ್ತದೆ, ರೇಷ್ಮೆಹುಳ ಮಾತ್ರ ಬದುಕುವ ದಾರಿ ಕಂಡುಕೊಂಡಿದೆ. ಈ ಅಣುವಿಗೆ ನಾಲ್ಕು ಇಂಗಾಲದ ಬಾಲ ಜೋಡಿಸಿದರೆ ಅದೇ ಮಿಗ್ಲುಸ್ಟಾಟ್. ಆಕ್ಸ್‌ಫರ್ಡಿನ ಫ್ರಾನ್ಸಿಸ್ ಪ್ಲಾಟ್ ಮತ್ತು ಸಂಗಡಿಗರು 1994ರಲ್ಲಿ, ಅದು ಕೋಶದಲ್ಲಿ ಸಕ್ಕರೆ ಸೇರಿದ ಕೊಬ್ಬಿನ ತಯಾರಿಯನ್ನು ತಡೆಯುತ್ತದೆಂದು ತೋರಿಸಿದರು.

ಅದು ಬೇಕಾದದ್ದು ನೀಮನ್-ಪಿಕ್ ‘ಸಿ’ ಎಂಬ ರೋಗಕ್ಕೆ. ಕೊಲೆಸ್ಟ್ರಾಲ್‌ನಿಂದ ನರಕೋಶಕ್ಕೆ ಹಾನಿ ಎಂಬ ಮಾತಿಗೆ ಅಕ್ಷರಶಃ ಒಪ್ಪುವ ರೋಗ ಇದು. ಲಕ್ಷ ಹುಟ್ಟುಗಳಲ್ಲಿ ಸುಮಾರು ಒಂದು. ಕೋಶದೊಳಗಿನ ಲೈಸೊಸೋಮ್ ಎಂಬ ಚೀಲದಿಂದ ಕೊಲೆಸ್ಟ್ರಾಲ್ ಹೊರಗೆ ಬರುವ ಬಾಗಿಲೇ ಮುಚ್ಚಿಹೋಗಿರುತ್ತದೆ. ಮಗು ಮೊದಲು ಚೆನ್ನಾಗಿಯೇ ಇರುತ್ತದೆ. ಆಮೇಲೆ ಎಡವುತ್ತದೆ, ಕಣ್ಣನ್ನು ಮೇಲೆ ಕೆಳಗೆ ಆಡಿಸಲಾಗುವುದಿಲ್ಲ, ನಕ್ಕಾಗ ಮೈ ಕುಸಿಯುತ್ತದೆ, ಮಾತು ಮರೆಯುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಬರುವ ರೋಗವಾದ್ದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತರುವ ನಮ್ಮ ಸೀಮೆಯಲ್ಲಿ ಇದರ ಹೆಸರು ವೈದ್ಯರ ನಾಲಗೆಯ ತುದಿಯಲ್ಲಿರಬೇಕು. ಗಮನಿಸಬೇಕಾದ್ದು ಒಂದಿದೆ. ಈ ಮಗುವಿನ ನರಕೋಶಗಳಲ್ಲಿ ಕೊಲೆಸ್ಟ್ರಾಲ್ ತುಂಬಿ ತುಳುಕುತ್ತಿದ್ದರೂ, ರಕ್ತಪರೀಕ್ಷೆಯ ಕೊಲೆಸ್ಟ್ರಾಲ್ ಅಂಕಿಯಲ್ಲಿ ಅದರ ಸುಳಿವು ಸಿಗುವುದಿಲ್ಲ. ಪಥ್ಯದ ಊಟ, ಕೊಲೆಸ್ಟ್ರಾಲ್ ಇಳಿಸುವ ಮದ್ದು ಎಲ್ಲವನ್ನೂ 1990ರ ದಶಕದ ಆರಂಭದಲ್ಲೇ ಕೊಟ್ಟು ನೋಡಿದ್ದರು. ರಕ್ತದಲ್ಲೂ ಯಕೃತ್ತಿನಲ್ಲೂ ಇಳಿಯಿತು, ಮಿದುಳಿಗೆ ಪ್ರಯೋಜನವಾಗಲಿಲ್ಲ.

ಹಿಪ್ಪುನೇರಳೆಯ ಆ ಅಣುವಿನ ಮರಿ ಕೊಲೆಸ್ಟ್ರಾಲನ್ನು ಮುಟ್ಟುವುದೇ ಇಲ್ಲ. ಕೊಲೆಸ್ಟ್ರಾಲ್ ಜತೆ ಕೂಡಿಕೊಂಡು ನರಕೋಶದಲ್ಲಿ ಗುಡ್ಡೆಯಾಗುವ ಗ್ಲೈಕೊಲಿಪಿಡ್‌ಗಳ ತಯಾರಿಯನ್ನು ಕಡಿಮೆ ಮಾಡುತ್ತದೆ. 2007ರಲ್ಲಿ ಪ್ರಕಟವಾದ ಪ್ರಯೋಗದ ಮುಖ್ಯ ಗುಂಪಿನಲ್ಲಿ ಇದ್ದವರು 29 ರೋಗಿಗಳು. ದಿನಕ್ಕೆ ಮೂರು ಹೊತ್ತು 200 ಮಿಲಿಗ್ರಾಂ, ಒಂದು ವರ್ಷ. ಅಳೆದದ್ದು ಕಣ್ಣು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಜಿಗಿಯುವ ವೇಗವನ್ನು. ಅದು ಸುಧಾರಿಸಿತು, ನುಂಗುವುದು ಸ್ವಲ್ಪ ಸಲೀಸಾಯಿತು. ರೋಗ ವಾಸಿಯಾಗಲಿಲ್ಲ, ರೋಗದ ನಡಿಗೆ ನಿಧಾನಿಸಿತು ಅಷ್ಟೆ. ಹೊಟ್ಟೆಯ ಭೇದಿ, ಕೈನಡುಕ, ತೂಕ ಇಳಿಯುವುದು ಇದ್ದವು. ಭೇದಿಗೆ ಕಾರಣ, ಕಂಬಳಿಹುಳದ ಹೊಟ್ಟೆಯಲ್ಲಿ ನಡೆಯುವ ಕೆಲಸವೇ ಮಗುವಿನ ಕರುಳಿನಲ್ಲೂ ನಡೆಯುವುದು. ಯುರೋಪು 2009ರಲ್ಲಿ ಈ ರೋಗಕ್ಕೆ ಅದನ್ನು ಒಪ್ಪಿತು. ಗಿಡದಲ್ಲಿ ಕಂಡ ಅಣುವಿನಿಂದ ಮಗುವಿನ ಬಾಯಿಯ ಕ್ಯಾಪ್ಸೂಲಿಗೆ ಮೂವತ್ತಮೂರು ವರ್ಷ. ಇವತ್ತು ಅದನ್ನು ಸೊಪ್ಪಿನಿಂದ ತೆಗೆಯುವುದೂ ಇಲ್ಲ, ಕಾರ್ಖಾನೆಯಲ್ಲೇ ಮಾಡುತ್ತಾರೆ. ಹಿಪ್ಪುನೇರಳೆ ಸೊಪ್ಪಿನ ರಸ ಕುಡಿಸಿದರೆ ಆ ಮಗುವಿಗೆ ಏನೂ ಸಿಗದು.

ರಾಮನಗರದಿಂದ ಮರಾಠವಾಡದವರೆಗೆ ಹಿಪ್ಪುನೇರಳೆ ಬೆಳೆಯುತ್ತಿದೆ. ಸಂಭಾಜಿನಗರದ ನೆರೆಯ ಜಾಲ್ನಾದಲ್ಲಿ ಗೂಡಿನ ಮಾರುಕಟ್ಟೆಯೂ ಇದೆ. ಅಲ್ಲಿನ ಫಾರ್ಮಸಿ ವಿದ್ಯಾರ್ಥಿಯೊಬ್ಬ ಡಾಕಿಂಗ್ ಚಿತ್ರಕ್ಕೆ ಮೀಸಲಿಟ್ಟ ಎರಡು ವರ್ಷದಲ್ಲಿ, ಒಂದೆಲಗದ ಸಾರ ತಿಂದ ಹತ್ತು ಇಲಿಗಳ ರಕ್ತದಲ್ಲಿ, ಮಿದುಳಿನಲ್ಲಿ ಆ ಸಾರ ಎಷ್ಟು ಸಿಕ್ಕಿತು ಎಂದು ನೆರೆಯ ವಿಶ್ವವಿದ್ಯಾಲಯದ ಉಪಕರಣದಲ್ಲಿ ಅಳೆದು, ಸಿಗಲಿಲ್ಲವಾದರೆ ಸಿಗಲಿಲ್ಲವೆಂದೇ ಬರೆಯಲಿ ಎಂದು ನನ್ನ ಆಸೆ. ಆ ಪ್ರಬಂಧವನ್ನು ಪಾಸು ಮಾಡುವ ಪರೀಕ್ಷಕರು ಬೇಕು, ‘ಸಿಗಲಿಲ್ಲ’ ಎಂಬುದನ್ನು ಅಚ್ಚು ಮಾಡುವ ಪತ್ರಿಕೆ ಬೇಕು.

ನೀಮನ್-ಪಿಕ್ ‘ಸಿ’ಗೆ 2024ರ ಸೆಪ್ಟೆಂಬರಿನವರೆಗೂ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮದ್ದು ಒಂದೂ ಇರಲಿಲ್ಲ. ಆ ತಿಂಗಳು ಕೆಲವೇ ದಿನಗಳ ಅಂತರದಲ್ಲಿ ಎರಡಕ್ಕೆ ಒಪ್ಪಿಗೆ ಸಿಕ್ಕಿತು. ಎರಡೂ ಗಿಡದ್ದಲ್ಲ. ಮೊದಲನೆಯದಾದ ಅರಿಮೊಕ್ಲೊಮಾಲ್‌ನ ಒಪ್ಪಿಗೆಪತ್ರದಲ್ಲಿ ಒಂದು ಷರತ್ತಿದೆ: ಅದನ್ನು ಮಿಗ್ಲುಸ್ಟಾಟ್ ಜತೆಯಲ್ಲೇ ಕೊಡಬೇಕು.